ಅಸ್ಥಿಪಂಜರ ಐದನೇ ಪ್ಯಾರಾದವರೆಗೆ ಕಾಯಬೇಕೇ?

ನಮಸ್ಕಾರ.

ಡಿಸ್ನಿ ಸ್ಟುಡಿಯೊದ 1929ರ ಅನಿಮೇಷನ್ ಕಿರುಚಿತ್ರ ‘ದಿ ಸ್ಕೆಲಿಟನ್ ಡ್ಯಾನ್ಸ್’ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ.

ಪೀಠಿಕೆಯೇ ಪುರಾಣವಾಗಿದೆ. ವಾಲ್ಟ್ ಡಿಸ್ನಿಯ ಬಾಲ್ಯ, ಬಡತನ, ಮಿಕ್ಕಿ ಮೌಸ್ ಹುಟ್ಟಿದ ಕಥೆ ಎಲ್ಲ ಮುಗಿದ ಮೇಲೆ, ಐದನೇ ಪ್ಯಾರಾದಲ್ಲಿ ಅಸ್ಥಿಪಂಜರ ಗೋರಿಯಿಂದ ಏಳುತ್ತದೆ. ಸಿನಿಮಾ ಇರುವುದೇ ಐದೂವರೆ ನಿಮಿಷ, ಮಾರಾಯರೆ! ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ‘ಅದ್ಭುತ’ ಒಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ಅದನ್ನೂ ತೆಗೆಯಿರಿ.

ಇನ್ನೊಂದು ತಪ್ಪು ಸಣ್ಣದಲ್ಲ. ಸಂಗೀತ ಫ್ರೆಂಚ್ ಸಂಗೀತಗಾರ ಸಾಂ-ಸಾನ್ಸ್‌ನ ‘ದಾನ್ಸ್ ಮಕಾಬ್ರ್’ ಎಂದಿದ್ದೀರಿ. ಹಾಗೆ ಬರೆದವರು ಬೇಕಾದಷ್ಟಿದ್ದಾರೆ. ನೀವೂ ಅಲ್ಲಿಂದಲೇ ಎತ್ತಿಕೊಂಡಂತಿದೆ. ಎರಡನ್ನೂ ಕೇಳಿ ನೋಡಿದ್ದರೆ ಬರೆಯುತ್ತಿರಲಿಲ್ಲ. ಅದು ಕಾರ್ಲ್ ಸ್ಟಾಲಿಂಗ್ ಅವರ ಸಂಗೀತ, ನಡುವೆ ನಾರ್ವೆಯ ಸಂಗೀತಗಾರ ಗ್ರೀಗ್‌ನ ‘ಟ್ರೋಲ್‌ಗಳ ಮೆರವಣಿಗೆ’ ಬೆರೆತಿದೆ. ಸ್ಟಾಲಿಂಗ್ ಕಾನ್ಸಾಸ್ ಸಿಟಿಯ ಥಿಯೇಟರಿನಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ಅಸ್ಥಿಪಂಜರಗಳನ್ನು ಕುಣಿಸೋಣ ಎಂದಿದ್ದೂ ಅವರೇ. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ! ಚಿತ್ರದ ಬಹುಪಾಲನ್ನು ತಾವೇ ಕೂತು ಬಿಡಿಸಿದ ಅಬ್ ಐವರ್ಕ್ಸ್‌ಗೆ ಅರ್ಧ ಸಾಲು ಸಿಕ್ಕಿದೆ. ಮುಖ್ಯ ಭಂಗಿಗಳನ್ನು ಬಿಡಿಸಿ ನಡುವಿನ ಚಿತ್ರಗಳನ್ನು ಸಹಾಯಕರಿಗೆ ಬಿಡು ಎಂದು ಡಿಸ್ನಿ ಹೇಳಿದರೂ ಆ ಮನುಷ್ಯ ಕೇಳಲಿಲ್ಲ. 1930ರ ಆರಂಭದಲ್ಲಿ ಸ್ಟಾಲಿಂಗ್, ಐವರ್ಕ್ಸ್ ಇಬ್ಬರೂ ಸ್ಟುಡಿಯೊ ಬಿಟ್ಟರು. ಬಡತನದ ಕಥೆಗಿಂತ ಈ ಕಥೆ ಗಟ್ಟಿ.

ಈಗ ನನಗೆ ಇಷ್ಟವಾದದ್ದು. ಏಳನೇ ಪ್ಯಾರಾದಲ್ಲಿ ಬರೆದಿದ್ದೀರಿ: ‘ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆಯನ್ನೇ ಕ್ಸೈಲೋಫೋನ್ ಮಾಡಿಕೊಂಡು ಬಾರಿಸುವಾಗ ನನ್ನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು.’ ಇಡೀ ಲೇಖನದಲ್ಲಿ ನಿಮ್ಮದು ಅಂತ ಇರುವುದು ಇದೊಂದೇ ಸಾಲು. ಇಲ್ಲಿಂದಲೇ ಶುರು ಮಾಡಿ. ಬೆರಳು ಯಾಕೆ ತಾಳ ಹಾಕಿತು? ಇಲ್ಲಿ ಚಿತ್ರ ಮುಗಿದ ಮೇಲೆ ಸಂಗೀತ ಅಂಟಿಸಿದ್ದಲ್ಲ, ಸಂಗೀತದ ಲೆಕ್ಕಕ್ಕೇ ಚಿತ್ರ ಬಿಡಿಸಿದ್ದು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. 12 ಫ್ರೇಮಿಗೊಂದು ಪೆಟ್ಟು ಅಂದರೆ ಸೆಕೆಂಡಿಗೆ ಎರಡು ಪೆಟ್ಟು. ಮೂಳೆ ಯಾವ ಫ್ರೇಮಿನಲ್ಲಿ ಮೂಳೆಗೆ ತಾಗಬೇಕೆಂದು ಮೊದಲೇ ಎಣಿಸಬಹುದು. ಶಬ್ದ ಬಂದ್ ಮಾಡಿ ಒಮ್ಮೆ ನೋಡಿ, ಕಣ್ಣು ಮುಚ್ಚಿ ಒಮ್ಮೆ ಕೇಳಿ. ಬೆಕ್ಕಿನ ಬಾಲವನ್ನು ಪಿಟೀಲಿನ ತಂತಿಯಂತೆ ನುಡಿಸುವ ದೃಶ್ಯವನ್ನು ನೀವು ಬಿಟ್ಟೇಬಿಟ್ಟಿದ್ದೀರಿ, ಅದೂ ಬರಲಿ.

ಕೊನೆಗೆ ‘ಇಂದಿನ ಪೀಳಿಗೆ ಕಲಿಯಬೇಕಾದ ಪಾಠ’ ಎಂದಿದ್ದೀರಿ. ಚಿತ್ರ ಹೇಗೆ ಮುಗಿಯುತ್ತದೆ ಹೇಳಿ: ಕೋಳಿ ಕೂಗುತ್ತದೆ, ಅಸ್ಥಿಪಂಜರಗಳು ದಡಬಡಿಸಿ ಗೋರಿಯೊಳಗೆ ಬೀಳುತ್ತವೆ, ಎರಡು ಪಾದ ಹೊರಗೇ ಉಳಿಯುತ್ತವೆ, ಒಳಗಿನಿಂದ ಒಂದು ಕೈ ಬಂದು ಅವನ್ನು ಎಳೆದುಕೊಳ್ಳುತ್ತದೆ. ಅಲ್ಲಿಗೇ ನಿಲ್ಲಿಸಿ.

ಆರುನೂರು ಪದದೊಳಗೆ ತಿದ್ದಿ ಕಳಿಸಿ, ಕಾಯುತ್ತೇನೆ.

— ಸಂಪಾದಕ