ಮಂಡಕ್ಕಿ ಹಿಂಡೋಕೆ ಬರುತ್ತಾ?

ಪ್ರಶ್ನೆ: ಇಂಜಿನಿಯರಿಂಗ್ ಓದುವ ಮಗ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಇನ್ನೆರಡು ವರ್ಷದಲ್ಲಿ ಎಐಗೆ ಮನುಷ್ಯನಷ್ಟೇ ಬುದ್ಧಿ ಬರುತ್ತಂತೆ. ನಿಜಾನಾ? ಅದನ್ನು ಅಳೆಯೋದಾದರೂ ಹೇಗೆ?
- ಓದುಗರೊಬ್ಬರು, ಸಿಂಧನೂರು

ಉತ್ತರ: ಎರಡು ವರ್ಷ ಅಂದವರು ಯಾವ ಅಳತೆಗೋಲಿನಲ್ಲಿ ಅಂತ ಹೇಳಿರಲಿಕ್ಕಿಲ್ಲ. ಜಗಳ ಇರೋದೇ ಅಲ್ಲಿ. 1997ರಲ್ಲಿ ಐಬಿಎಂ ಕಂಪನಿಯ ಡೀಪ್ ಬ್ಲೂ ಕಂಪ್ಯೂಟರ್ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿತು, ಆದರೆ ಅದಕ್ಕೆ ಚೌಕಾಬಾರ ಕೂಡ ಬರುತ್ತಿರಲಿಲ್ಲ. ಈಗಿನ ಎಐಗಳು ಹಾಗಲ್ಲ. ಪತ್ರ ಬರೆಯುತ್ತವೆ, ಕೋಡ್ ಬರೆಯುತ್ತವೆ, 2025ರಲ್ಲಿ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 6 ಲೆಕ್ಕಗಳಲ್ಲಿ 5 ಬಿಡಿಸಿ ಚಿನ್ನದ ಪದಕದ ಮಟ್ಟ ಮುಟ್ಟಿದವು. ಸಣ್ಣ ಮಾತಲ್ಲ ಅದು.

ಆದರೆ ಎಐ ಸಂಶೋಧಕ ಫ್ರಾನ್ಸ್ವಾ ಶೋಲೆ 2019ರಲ್ಲೇ ಒಂದು ತಕರಾರು ತೆಗೆದಿದ್ದರು: ಓದಿದ್ದನ್ನು ಒಪ್ಪಿಸಿದರೆ ಸಾಲದು, ಹೊಸದನ್ನು ಎಷ್ಟು ಬೇಗ ಕಲಿಯುತ್ತೆ ನೋಡಬೇಕು ಅಂತ. ಅವರ ಆರ್ಕ್ ಪರೀಕ್ಷೆಯಲ್ಲಿ ಬಣ್ಣದ ಚೌಕಗಳ ಎರಡು ಮೂರು ಮಾದರಿ ತೋರಿಸಿ, ಅವುಗಳ ಹಿಂದೆ ಅಡಗಿರೋ ನಿಯಮ ಕಂಡುಹಿಡಿ ಅಂತಾರೆ. 2024ರ ಕೊನೆಗೆ ಓಪನ್‌ಎಐ ಕಂಪನಿಯ ಓ3 ಅನ್ನೋ ಎಐ ಮಾಡೆಲ್ ಅದರಲ್ಲಿ ಶೇ. 87.5 ತೆಗೆಯಿತು, ನಿಮ್ಮ ಮಗನಂಥವರು ಕುಣಿದಾಡಿದರು. ಮೂರೇ ತಿಂಗಳಿಗೆ ಆರ್ಕ್‌ನ ಎರಡನೇ, ಇನ್ನೂ ಕಷ್ಟದ ಪರೀಕ್ಷೆ ಬಂತು. ಜನ ಬಿಡಿಸೋ ಆ ಒಗಟುಗಳಲ್ಲಿ ಆಗಿದ್ದ ಮಾಡೆಲ್‌ಗಳು ಶೇ. 5 ಕೂಡ ದಾಟಲಿಲ್ಲ. ಆಮೇಲೆ ಬಂದವು ಮತ್ತೆ ಮೇಲೇರಿವೆ, ಅದೂ ನಿಜ.

ನನಗೆ ಇಷ್ಟವಾದದ್ದು ಆಪಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ವೋಜ್ನಿಯಾಕ್ ಹೇಳಿದ ಕಾಫಿ ಪರೀಕ್ಷೆ. ಗುರುತಿಲ್ಲದ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಹುಡುಕಾಡಿ, ಕಾಫಿ ಮಾಡಬೇಕು. ನಮ್ಮ ಬಳ್ಳಾರಿಯಲ್ಲಾದರೆ ಮಂಡಕ್ಕಿ ಒಗ್ಗರಣೆ ಪರೀಕ್ಷೆ ಅನ್ನಿ. ಮಂಡಕ್ಕಿ ನೀರಿಗೆ ಹಾಕಿ ಹಿಂಡಬೇಕಲ್ವಾ, ಒಂದು ಗಳಿಗೆ ಜಾಸ್ತಿ ಬಿಟ್ಟರೆ ಮುದ್ದೆ, ಬೇಗ ತೆಗೆದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಎಐಗೆ ಕೇಳಿದರೆ ಚೆಂದಾಗಿ ಬರೆದು ಕೊಡುತ್ತೆ. ನಮ್ಮ ಓಣಿಯ ಮಿರ್ಚಿ ಬಂಡಿಗೆ ಹೊಸದಾಗಿ ಬಂದ ಹುಡುಗ ಮೊದಲ ದಿನ ಎರಡು ಬುಟ್ಟಿ ಹಾಳು ಮಾಡಿ ಬೈಸಿಕೊಂಡ, ಮೂರನೇ ದಿನ ಗಿರಾಕಿ ಜೊತೆ ಮಾತಾಡುತ್ತಲೇ ಹಿಂಡುತ್ತಿದ್ದ. ಬೇರೆ ಅಂಗಡಿಯ ಮಂಡಕ್ಕಿ ಬಂದರೂ ಅವನ ಕೈಗೆ ಗೊತ್ತಾಗುತ್ತೆ. ರೋಬೋಟ್‌ಗಳು ಇನ್ನೂ ತಡವರಿಸೋದು ಇಂಥ ಕಡೆಯೇ. ಹಾಗಾಗಿ ಓದು ಬರಹದ ಕೆಲಸದಲ್ಲಿ ಬಹಳ ಹತ್ತಿರ, ಕಂಡರಿಯದ ಅಡುಗೆಮನೆಯಲ್ಲಿ ದೂರ ಅಂತೀನಿ. ವರ್ಷ ಬೇಕಾದರೆ ಜ್ಯೋತಿಷಿಗಳನ್ನು ಕೇಳಿ.

ಪ್ರಶ್ನೆ: ನಮ್ಮ ರೈಸ್ ಮಿಲ್ಲಿನ ಲೆಕ್ಕ ಎಐಗೆ ಒಪ್ಪಿಸಬಹುದಾ?
- ಓದುಗರು, ಗಂಗಾವತಿ

ಉತ್ತರ: ಒಪ್ಪಿಸಿ, ಆದರೆ ತೂಕದ ಚೀಟಿ ನೀವೇ ತಾಳೆ ನೋಡಿ. ನಾನೊಮ್ಮೆ ಹಳೇ ಬಿಲ್ಲುಗಳ ಫೋಟೋ ಕೊಟ್ಟು ಮೊತ್ತ ಕೇಳಿದ್ದೆ. ಮಸುಕಾಗಿದ್ದ 8 ಅನ್ನು 3 ಅಂತ ಓದಿತು, ಒಂಚೂರೂ ಅನುಮಾನ ಪಡದೆ.