ಚಕ್ಕುಲಿ ಮಾರ್ಲಿಕ್ಕೆ ಹೆಸರು ಹಾಕಿದ ಬಾಕ್ಸ್ ಮಾಡಿಸ್ಬೇಕು, ಒಮ್ಮೆಗೇ 1000 ಆರ್ಡರ್ ಕೊಡ್ಬಹುದಾ?

ಬೇಡ ಅಕ್ಕ, ಈಗಲೇ 1000 ಕೊಡ್ಬೇಡಿ. ನೀವೂ ನಿಮ್ಮ ಅತ್ತೆಯೂ ಸೇರಿ ಚಕ್ಕುಲಿ ಮಾಡಿ ಕೊರಿಯರಲ್ಲಿ ಕಳಿಸ್ತೀರಿ, ಪ್ರೆಸ್ಸಿನವರು 1000 ತಗೊಂಡ್ರೆ ಒಂದೊಂದಕ್ಕೆ ತುಂಬಾ ಕಡಿಮೆ ಬೀಳ್ತದೆ ಅಂದ್ರು ಅಂತ ಬರ್ದಿದ್ದೀರಿ. ಅವರು ಹೇಳಿದ್ದು ಸರಿಯೇ. ಆಫ್‌ಸೆಟ್ ಪ್ರಿಂಟಿನ ಪ್ಲೇಟು, ಬಾಕ್ಸ್ ಕಟ್ ಮಾಡುವ ಡೈ, ಇವೆರಡರ ಖರ್ಚು ನೂರು ಮಾಡಿದ್ರೂ ಸಾವಿರ ಮಾಡಿದ್ರೂ ಅಷ್ಟೇ. ಆದ್ರೆ ಅಳತೆ ತಪ್ಪಿದ್ರೆ ಸಾವಿರವೂ ಮೂಲೆಗೆ ಹೋಗ್ತದೆ, ನಮಗೆ ಹಾಗೇ ಆದದ್ದು.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಅಮ್ಮನೂ ನಾನೂ ಹಲಸಿನ ಹಪ್ಪಳ ಮಾಡಿ ಮಾರುವುದು. ಹಪ್ಪಳ ಸುಮಾರು 18 ಸೆಂಟಿಮೀಟರ್ ಅಗಲ ಉಂಟು, ಸ್ಕೇಲಿಟ್ಟು ನೋಡಿ ಅರ್ಧ ಸೆಂಟಿಮೀಟರ್ ಜಾಸ್ತಿ ಸೇರಿಸಿ ಹದಿನೆಂಟೂವರೆ ಅಂತ ಫೋನಲ್ಲಿ ಹೇಳಿಬಿಟ್ಟೆ. ಅವರು ಅದನ್ನ ಹೊರಗಿನ ಅಳತೆ ಅಂತ ತಗೊಂಡ್ರು. 3 ಪ್ಲೈ, ಅಂದ್ರೆ ಮೂರು ಪದರದ ರಟ್ಟಿನ ಬಾಕ್ಸಿನ ಗೋಡೆ ಒಂದು ಬದಿಗೆ ಹತ್ತಿರಹತ್ತಿರ 3 ಮಿಲಿಮೀಟರ್, ಎರಡು ಬದಿ ಸೇರಿ 6, ಒಳಗೆ ಉಳಿದದ್ದು 18ಕ್ಕಿಂತ ಕಡಿಮೆ. ಅದರ ಮೇಲೆ ಹಪ್ಪಳ ಬರೀ ಹಾಗೇ ಹೋಗುವುದಿಲ್ಲವಲ್ಲ, ಸೀಲ್ ಮಾಡಿದ ಕವರಲ್ಲಿ ಹೋಗ್ತದೆ, ಆ ಸೀಲಿನ ಅಂಚಿಗೇ ಒಂದು ಬೆರಳು ಜಾಗ ಬೇಕು. ಅಮ್ಮ ಕವರಿನ ಕಿವಿ ಮಡಚಿ ಮಡಚಿ ತುರುಕಿದ್ರು, ಬೆಂಗಳೂರಲ್ಲಿ ತೆಗೆದವರು ಫೋಟೋ ಕಳಿಸಿದ್ರು, ಪ್ರತಿ ಹಪ್ಪಳದ ಅಂಚು ಮುರಿದು ಕವರಿನ ಅಡಿಯಲ್ಲಿ ಹುಡಿ. ಎರಡು ತಿಂಗಳು ಬಿಸಿಲಲ್ಲಿ ಕೂತು ಒತ್ತಿ ಒಣಗಿಸಿದ್ದು, ಅದನ್ನ ನೋಡಿ ಅಮ್ಮ ಆ ದಿನ ಸರಿ ಊಟ ಮಾಡ್ಲಿಲ್ಲ.

ಅದಕ್ಕೆ ಹೇಳುವುದು, ಪ್ಯಾಕೆಟ್ ಮಾಡಿದ ಮೇಲೆ ಅಳೆಯಿರಿ, ಉದ್ದ ಅಗಲ ಎತ್ತರ ಮಿಲಿಮೀಟರಲ್ಲಿ ಬರೆದು ಪಕ್ಕದಲ್ಲಿ "ಒಳಗಿನ ಅಳತೆ" ಅಂತ ಹಾಕಿ ವಾಟ್ಸಾಪಲ್ಲೇ ಕಳಿಸಿ, ಬಾಯಲ್ಲಿ ಹೇಳ್ಬೇಡಿ. ಆಮೇಲೆ ಪ್ರಿಂಟಿಲ್ಲದ ಖಾಲಿ ಡಮ್ಮಿ ಒಂದೆರಡು ಕೇಳಿ, ಹಣ ಕೇಳಿದ್ರೂ ಕೊಡಿ. ಅದರಲ್ಲಿ ಚಕ್ಕುಲಿ ತುಂಬಿಸಿ ದೂರದಲ್ಲಿರುವ ಯಾರಾದ್ರೂ ಸಂಬಂಧಿಕರಿಗೆ ಕೊರಿಯರ್ ಮಾಡಿ, ತೆಗೆಯುವಾಗ ವೀಡಿಯೋ ಮಾಡ್ಲಿಕ್ಕೆ ಹೇಳಿ. ಆಗುವುದಾದ್ರೆ ಮಳೆಗಾಲದಲ್ಲೇ ಕಳಿಸಿ ನೋಡಿ. ನಮ್ಮ ಕಡೆ ಹಪ್ಪಳ ಮಾಡುವುದು ಬೇಸಿಗೆಯಲ್ಲಿ, ಜನ ಕೇಳುವುದು ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆಗೆ, ರಟ್ಟು ಆ ಥಂಡಿ ಎಳ್ಕೊಂಡು ಮೆತ್ತಗಾದ್ರೆ ಮೇಲಿನ ಬಾಕ್ಸಿನ ಭಾರಕ್ಕೆ ಅಡಿಯದ್ದು ಕೂತುಬಿಡ್ತದೆ. ಈಗ ನಾವು ಕೊರಿಯರಿಗೆ 5 ಪ್ಲೈ ತಗೊಳ್ತೇವೆ, ಅಂಗಡಿಗೆ ಕೊಡ್ಲಿಕ್ಕೆ 3 ಪ್ಲೈ ಸಾಕು. ರಟ್ಟಿನ ಒಳಗಿನ ಅಲೆಯಂಥ ಗೆರೆ ನಿಂತ ಹಾಗೆ ಮೇಲಿಂದ ಕೆಳಗೆ ಇರ್ಬೇಕು, ಅಡ್ಡ ಇದ್ರೆ ಬಾಕ್ಸಿಗೆ ಭಾರ ತಡೆಯುವ ಶಕ್ತಿ ಕಡಿಮೆ. ತಂದ ಬಾಕ್ಸ್ ನೆಲಕ್ಕೆ ತಾಗಿಸಿ ಇಡ್ಬೇಡಿ, ಹಲಗೆ ಮೇಲಿಡಿ.

ಹಾಗಂತ ಸೇಫ್ ಅಂತ ದೊಡ್ಡ ಬಾಕ್ಸ್ ಮಾಡಿಸಿದ್ರೆ ಕೊರಿಯರಿನವರು ತೂಕಕ್ಕಲ್ಲ, ಗಾತ್ರಕ್ಕೆ ದುಡ್ಡು ತಗೊಳ್ತಾರೆ. ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಹೆಚ್ಚಿನವರ ಲೆಕ್ಕ. 30, 25, 15ರ ಬಾಕ್ಸಲ್ಲಿ ಒಂದು ಕೆಜಿ ಇಟ್ರೂ ಅದು 2.25 ಕೆಜಿ, 22, 22, 10ರದ್ದಾದ್ರೆ ಗಾತ್ರದ ಲೆಕ್ಕ ಒಂದು ಕೆಜಿಯ ಒಳಗೇ ನಿಲ್ತದೆ.

ಪ್ರಿಂಟಿಗೆ ಬಂದ್ರೆ, ಕನ್ನಡ ಅಕ್ಷರವನ್ನ ನೀವೇ ನಿಂತು ಓದಿ. ನಮ್ಮ ಪ್ರೆಸ್ಸಲ್ಲಿ ಕಂಪ್ಯೂಟರಿನಲ್ಲಿ ಕೂತವರಿಗೆ ಮಲಯಾಳ ಮಾತ್ರ ಬರ್ತದೆ, ನಾನು ವಾಟ್ಸಾಪಲ್ಲಿ ಕಳಿಸಿದ್ದನ್ನ ಹಾಕುವಾಗ ಫಾಂಟು ಬದಲಾಗಿ "ಹಪ್ಪಳ"ದ ಒತ್ತು ಬಿಚ್ಚಿ "ಹಪ್ ಪಳ" ಆಗಿತ್ತು, ಅವರಿಗೆ ಅದು ತಪ್ಪು ಅಂತ ಗೊತ್ತಾಗುವುದಾದ್ರೂ ಹೇಗೆ. ಈಗ ಕನ್ನಡ ಬರುವ ಡಿಟಿಪಿಯವರ ಹತ್ರ ಮಾಡಿಸಿ, ಅಕ್ಷರವನ್ನೆಲ್ಲ ಕರ್ವ್ಸ್ ಮಾಡಿದ, ಅಂದ್ರೆ ಫಾಂಟು ಬದಲಾಗದ ಹಾಗೆ ಚಿತ್ರದಂತೆ ಗೆರೆ ಮಾಡಿದ ಪಿಡಿಎಫ್ ಮಾತ್ರ ಕೊಡುವುದು. ಬಣ್ಣವನ್ನೂ ಫೋನಲ್ಲಿ ನೋಡಿ ಓಕೆ ಅನ್ಬೇಡಿ, ಕಾಗದದಲ್ಲಿ ಬೇರೆಯೇ ಬರ್ತದೆ.

ಎಮ್‌ಆರ್‌ಪಿ, ಬ್ಯಾಚ್ ನಂಬರ್, ತಯಾರಿಸಿದ ದಿನ, ಇದನ್ನೆಲ್ಲ ಪ್ರಿಂಟ್ ಮಾಡಿಸ್ಬೇಡಿ, ಸ್ಟಿಕ್ಕರಿಗೋ ರಬ್ಬರ್ ಸೀಲಿಗೋ ಬಿಳಿ ಜಾಗ ಬಿಡಿ, ಎಣ್ಣೆ ರೇಟು ಏರಿದ್ರೆ ಚಕ್ಕುಲಿ ರೇಟೂ ಏರ್ತದಲ್ಲ. ಆಹಾರ ಮಾರುವವರಿಗೆ ಕೊಡುವ ಎಫ್‌ಎಸ್‌ಎಸ್‌ಎಐನ 14 ಅಂಕಿ ನಂಬರ್ ಕೈಗೆ ಬಂದ ಮೇಲೆಯೇ ಪ್ರೆಸ್ಸಿಗೆ ಹೋಗಿ, ಸಸ್ಯಾಹಾರದ ಹಸಿರು ಚುಕ್ಕೆ ಮರೀಬೇಡಿ. ಡೈ ಯಾರದ್ದು, ಮುಂದಿನ ಆರ್ಡರಿಗೆ ಪುನಃ ಅದಕ್ಕೆ ಹಣ ಕೊಡ್ಬೇಕಾ ಅಂತಲೂ ಈಗಲೇ ಕೇಳಿ.

ಮೊದಲ ಆರು ತಿಂಗಳು ನಾನಾಗಿದ್ರೆ ರೆಡಿ ಸಿಗುವ ಕಂದು ಬಾಕ್ಸ್ 100 ತಂದು, ಮೇಲೆ ಚಂದದ ಸ್ಟಿಕ್ಕರ್ ಅಂಟಿಸಿ ಕಳಿಸ್ತಿದ್ದೆ. ನೀವು ಅರ್ಧ ಕೆಜಿ ಹಾಕುವುದಾ, ಕಾಲು ಕೆಜಿಯಾ? ಪ್ಯಾಕೆಟಿನ ಅಳತೆ ಇಲ್ಲೇ ಹಾಕಿ, ಬಾಕ್ಸ್ ಎಷ್ಟಿರ್ಬೇಕು ಅಂತ ಲೆಕ್ಕ ಹಾಕಿ ಹೇಳ್ತೇನೆ.