ದೇವರು ಬದಲಾಗದಿದ್ದರೆ ನಿನೆವೆ ಉಳಿದದ್ದು ಹೇಗೆ?

ನಮಸ್ಕಾರ. ತಾನು ಬದಲಾಗುವವನಲ್ಲ ಎಂದು ಬೈಬಲಿನ ಮಲಾಕಿಯ 3:6ರಲ್ಲಿ ಹೇಳುವ ದೇವರು, ಪ್ರವಾದಿ ಯೋನನ ಪುಸ್ತಕದಲ್ಲಿ ನಿನೆವೆ ಪಟ್ಟಣವನ್ನು ನಾಶಮಾಡದೆ ಬಿಟ್ಟದ್ದು ಹೇಗೆ ಎಂದು ಕೇಳಿದ್ದೀರಿ.

ನನ್ನ ಪ್ರಕಾರ ಇಲ್ಲಿ ಬದಲಾದವರು ನಿನೆವೆಯ ಜನ. ಇನ್ನು 40 ದಿನಗಳಲ್ಲಿ ಪಟ್ಟಣ ನಾಶವಾಗುತ್ತದೆ ಎಂದು ಯೋನ ಸಾರಿದ್ದನ್ನು ಕೇಳಿದ ಕೂಡಲೇ ರಾಜನಿಂದ ಹಿಡಿದು ಎಲ್ಲರೂ ಉಪವಾಸ ಮಾಡಿದರು, ಕೆಟ್ಟ ದಾರಿ ಬಿಟ್ಟರು. ಒಂದು ಜನಾಂಗ ಕೆಟ್ಟದ್ದನ್ನು ಬಿಟ್ಟರೆ ತಾನೂ ಶಿಕ್ಷೆಯನ್ನು ಬಿಡುತ್ತೇನೆ ಎಂದು ಯೆರೆಮೀಯ 18ರಲ್ಲಿ ದೇವರೇ ಹೇಳುತ್ತಾನೆ. ಎಚ್ಚರಿಕೆ ಕೊಡುವುದೇ ಜನ ತಿರುಗಿಕೊಳ್ಳಲಿ ಅಂತ ಅಲ್ವಾ?

ಯೋನ 4:2 ಇನ್ನೊಮ್ಮೆ ನಿಧಾನವಾಗಿ ಓದಿ. ಯೋನನಿಗೆ ಸಿಟ್ಟು ಬಂದದ್ದು ದೇವರು ಬದಲಾದ ಅಂತ ಅಲ್ಲ. ನೀನು ಕನಿಕರವುಳ್ಳವನು, ಬೇಗ ಕೋಪಿಸಿಕೊಳ್ಳುವವನಲ್ಲ, ಇದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನೀನು ಕಳಿಸಿದ ನಿನೆವೆಗೆ ಹೋಗದೆ ದೂರದ ತಾರ್ಷೀಷಿಗೆ ಓಡಿಹೋದೆ ಎನ್ನುತ್ತಾನೆ. ಸೀನಾಯಿ ಬೆಟ್ಟದಲ್ಲಿ ಮೋಶೆಗೆ ದೇವರು ತನ್ನ ಬಗ್ಗೆ ಹೇಳಿಕೊಂಡದ್ದೂ ಇದನ್ನೇ (ವಿಮೋಚನಕಾಂಡ 34:6). ಅಂದರೆ ದೇವರ ಗುಣ ಬದಲಾಗುವುದಿಲ್ಲ ಎಂಬ ಖಾತ್ರಿ ಇದ್ದುದರಿಂದಲೇ ಯೋನ ಓಡಿದ! ಈ ವಚನ ನನಗೆ ಎಷ್ಟು ಸಲ ಓದಿದರೂ ಸಾಲದು.

1 ಸಮುವೇಲ 15 ಇದಕ್ಕಿಂತ ಕಷ್ಟ. ಸೌಲನನ್ನು ಇಸ್ರಾಯೇಲಿನ ಅರಸನನ್ನಾಗಿ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟ ಎಂದು 11ನೇ ವಚನ ಹೇಳುತ್ತದೆ. ಆತನು ಮನುಷ್ಯನಂತೆ ಪಶ್ಚಾತ್ತಾಪಪಡುವವನಲ್ಲ ಎಂದು 29ನೇ ವಚನ ಹೇಳುತ್ತದೆ. ದೇವರ ಈ ಪಶ್ಚಾತ್ತಾಪವನ್ನು ಸುಮ್ನೆ ಮಾತಿನ ರೀತಿ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ದೇವರಿಗೆ ನಿಜವಾಗಿಯೂ ನೋವಾಯಿತು, ಆದರೆ ನಮ್ಮ ಹಾಗೆ ಮುಂದೇನಾಗುತ್ತದೆಂದು ತಿಳಿಯದೆ ಎಡವಿದ್ದಲ್ಲ ಎಂದೇ ನಾನು ನಂಬುತ್ತೇನೆ.